ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು

1956ರ ನವೆಂಬರ್ 1 ನಮಗೆ ಏಕೀಕರಣದ ದಿನ. ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಸರಗೋಡು ಕೇರಳದ ಪಾಲಾದದ್ದೂ ಅದೇ ದಿನ. ಚಂದ್ರಗಿರಿ ಹೊಳೆಯ ಉತ್ತರದ ಊರುಗಳು ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದ ವಿಚಾರಿಸಿದ ಮಹಾಜನ ಆಯೋಗ ಹೇಳಿತು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿಡೀ ಅದಕ್ಕಾಗಿ ದನಿಯೆತ್ತಿದರು. ಗಡಿ ಕದಲಲಿಲ್ಲ. ಆ ವಾದ ಇನ್ನೂ ನಡೆಯಲಿ. ಆದರೆ ಇವತ್ತು ಅಲ್ಲಿ ಐದನೆಯ ತರಗತಿಯಲ್ಲಿ ಕುಳಿತಿರುವ ಮಗು ಅದರ ತೀರ್ಪಿಗೆ ಕಾಯಲಾರದು.

ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರನ್ನು ಕಳಿಸುತ್ತಾರೆಂಬುದು ಅಲ್ಲಿಯ ಕನ್ನಡಿಗರ ಹಳೆಯ ದೂರು. ಮಕ್ಕಳ ಕೈಯಲ್ಲಿ ಕನ್ನಡ ಪುಸ್ತಕ, ಅಧ್ಯಾಪಕರ ಬಾಯಲ್ಲಿ ಮಲಯಾಳ. ಲೆಕ್ಕವನ್ನಾದರೆ ಬೋರ್ಡಿನ ಮೇಲೆ ಬಿಡಿಸಿ ತೋರಿಸಬಹುದು. ಸಮಾಜ ವಿಜ್ಞಾನವನ್ನು ಹೇಗೆ ತೋರಿಸುವುದು? ಮಗು ಎದ್ದು ನಿಂತು ಕೇಳಿದ್ದು ಅವರಿಗೆ ತಿಳಿಯದು, ಅವರು ಹೇಳಿದ್ದು ಮಗುವಿಗೆ ತಿಳಿಯದು. ನಾಲ್ಕು ಸಲ ಹೀಗಾದ ಮೇಲೆ ಮಗು ಕೇಳುವುದನ್ನೇ ಬಿಡುತ್ತದೆ. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಚಿತ್ರ ಈ ಸಂಕಟವನ್ನು ನಾಡಿಗೆಲ್ಲ ತೋರಿಸಿತು. ದೂರು ಮಾತ್ರ ಹಾಗೆಯೇ ಉಳಿದಿದೆ.

ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರ ಆಯುಕ್ತರು ವಿಚಾರಿಸಿ ರಾಷ್ಟ್ರಪತಿಗಳಿಗೆ ವರದಿ ಕೊಡಬಹುದು. ಒಬ್ಬ ಅಧ್ಯಾಪಕರನ್ನು ನೇಮಿಸಲಾರರು, ತಪ್ಪು ನೇಮಕವನ್ನು ತಡೆಯಲೂ ಆರರು. ಬೇರೆಡೆ ಹೇಗಿದೆ ನೋಡಿ: ಬೆಲ್ಜಿಯಂನ ಜರ್ಮನ್ ಭಾಷಿಕರು ಸುಮಾರು ಎಂಬತ್ತು ಸಾವಿರ. ಅವರಿಗೆ ಓಯ್ಪೆನ್ ಪಟ್ಟಣದಲ್ಲಿ ತಮ್ಮದೇ ಶಾಸನಸಭೆಯಿದೆ, ಶಾಲೆಗಳು ಅದರ ಅಧೀನದಲ್ಲಿವೆ. ನಾವು ಅಷ್ಟು ಕೇಳುತ್ತಿಲ್ಲ. ಕನ್ನಡ ಹುದ್ದೆಗೆ ಸಂದರ್ಶನ ನಡೆಯುವಾಗ ಕನ್ನಡ ಬಲ್ಲವರು ಮಂಡಳಿಯಲ್ಲಿ ಕೂರಲಿ, ಅವರ ಒಪ್ಪಿಗೆಯಿಲ್ಲದೆ ನೇಮಕ ಆಗದಿರಲಿ. ಅಧಿಕಾರ ಹಂಚಿಕೆ ಎಂದರೆ ಅಷ್ಟಾದರೂ ಇರಬೇಕು.

ಹೀಗೆ ಕೇಳುವ ನಾವು ಬೆಳಗಾವಿ, ಖಾನಾಪುರದ ಮರಾಠಿ ಶಾಲೆಗಳಿಗೂ ಕಲಬುರಗಿ, ಬೀದರಿನ ಉರ್ದು ಶಾಲೆಗಳಿಗೂ ಅದನ್ನೇ ಕೊಡಬೇಕು. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಂತೆ ಆ ಮಕ್ಕಳು ಕನ್ನಡ ಕಲಿಯುವುದು ಸರಿಯೇ. ಕಾಸರಗೋಡಿನ ಮಕ್ಕಳಿಗೂ ಮಲಯಾಳ ಬೇಕೇ ಬೇಕು, ಅವರು ಬದುಕುವ ನೆಲದ ನುಡಿ ಅದು. ಆದರೆ ವಿಜ್ಞಾನ, ಚರಿತ್ರೆಯ ಪಾಠ ಅವರಿಗೆ ತಿಳಿಯುವ ನುಡಿಯಲ್ಲೇ ಆಗಬೇಕು.

ಗಡಿನಾಡಿನ ಓದುಗರೇ, ನಿಮ್ಮೂರ ಶಾಲೆಯಲ್ಲಿ ಯಾವ ಹುದ್ದೆ ಎಷ್ಟು ವರ್ಷದಿಂದ ಖಾಲಿಯಿದೆ, ಬಂದವರಿಗೆ ಮಕ್ಕಳ ಮಾತು ಬರುತ್ತದೆಯೇ ಎಂಬುದನ್ನು ನಮಗೆ ಬರೆದು ತಿಳಿಸಿ. ಹೆಸರು ಬೇಡವೆಂದರೆ ಹೆಸರಿಲ್ಲದೆಯೇ ಪ್ರಕಟಿಸುತ್ತೇವೆ.