ಹಳೆಯ ಯಾಟ್‌ಗೆ ಯಾವ ಹಾಯಿ?

ಹಾಯಿ ಜೋಲಿದರೆ ಗಾಳಿ ದೋಣಿಯನ್ನು ಮುಂದೆ ತಳ್ಳುವುದಕ್ಕಿಂತ ಪಕ್ಕಕ್ಕೆ ವಾಲಿಸುವುದೇ ಹೆಚ್ಚು. ಆಗ ಹೊಸದು ಬೇಕೇ ಬೇಕು. ಆದರೆ ಹಳೆಯ ಪ್ರವಾಸಿ ಯಾಟ್‌ಗೆ ರೇಸಿನ ಬಟ್ಟೆ ಬೇಡ. ಪದರ ಅಂಟಿಸಿದ ಲ್ಯಾಮಿನೇಟ್ ಆಕಾರವನ್ನೇನೋ ಉಳಿಸಿಕೊಳ್ಳುತ್ತದೆ. ಬಿಸಿಲು, ಮಡಿಕೆಗಳಿಗೆ ಸಿಕ್ಕಿ ಪದರ ಬಿಡುತ್ತದೆ, ತೇವಕ್ಕೆ ಬೂಷ್ಟು ಹಿಡಿಯುತ್ತದೆ. ನೇಯ್ದ ಪಾಲಿಯೆಸ್ಟರ್, ಅಂದರೆ ಡೇಕ್ರಾನ್, ನಿಧಾನವಾಗಿ ಹಿಗ್ಗುತ್ತದೆ. ಹರಿದರೆ ನಡುಗಡಲಲ್ಲೂ ಸೂಜಿ ದಾರ ಸಾಕು.

ಮುಂಬೈಯಲ್ಲಿ ಕಟ್ಟಿದ 32 ಅಡಿಯ ತೇಗದ ದೋಣಿ ‘ಸುಹೈಲಿ’ ಇದಕ್ಕೆ ಸಾಕ್ಷಿ. 1968-69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಒಬ್ಬರೇ, ಎಲ್ಲೂ ನಿಲ್ಲದೆ, 312 ದಿನಗಳಲ್ಲಿ ಅದರಲ್ಲಿ ಭೂಮಿ ಸುತ್ತಿದರು. ಹರಿದ ಹಾಯಿಗಳನ್ನು ದಾರಿಯಲ್ಲೇ ಹೊಲಿದುಕೊಂಡರು.

ಭಾರದ ಹಳೆಯ ಒಡಲು ಬಟ್ಟೆ ದುಬಾರಿಯಾದ ಮಾತ್ರಕ್ಕೆ ಹಾರಲಾರದು. ಆ ಹಣ ಸರಿಯಾದ ಅಳತೆಗೆ, ಗಟ್ಟಿ ಹೊಲಿಗೆಗೆ, ಬಿಸಿಲು ತಡೆಯುವ ಹೊದಿಕೆಗೆ ಹೋಗಲಿ.