ಹೆಸರು ನಮ್ಮದು, ಬಾಡಿಗೆ ಅವರಿಷ್ಟ

ಸತ್ಯಮಂಗಲದಲ್ಲಿ ನಮ್ಮ ಚಿಕ್ಕಪ್ಪ ಬಾಡಿಗೆ ಶೆಡ್‌ನಲ್ಲಿ ಎಣ್ಣೆ ಗಾಣ ನಡೆಸುತ್ತಾರೆ. ಕೊಬ್ಬರಿ, ಕಡಲೆಬೀಜ, ಎಳ್ಳಿನ ಎಣ್ಣೆ. ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಾ ಕೂತಿದ್ದ ನಾನು ‘ಆನ್‌ಲೈನ್‌ನಲ್ಲೂ ಮಾರೋಣ ಚಿಕ್ಕಪ್ಪ’ ಎಂದೆ. ಗಾಣದ ಹೆಸರಿನಲ್ಲೇ ಒಂದು ಡೊಮೈನ್ 99 ರೂಪಾಯಿಗೆ ಸಿಕ್ಕಿತು. ಕ್ಯಾತ್ಸಂದ್ರದಲ್ಲಿ ಇಬ್ಬರು ತಟ್ಟೆ ಇಡ್ಲಿ ತಿಂದಷ್ಟೇ ಖರ್ಚು! ಬಾಟಲಿ ಲೇಬಲ್, ವಿಸಿಟಿಂಗ್ ಕಾರ್ಡ್, ಗೂಡ್ಸ್ ಆಟೊದ ಹಿಂಬದಿ ಎಲ್ಲ ಕಡೆ ಆ ವಿಳಾಸ ಹಾಕಿಸಿದೆವು.

ವರ್ಷ ತುಂಬಿದಾಗ ನವೀಕರಣದ ಬಿಲ್ ಬಂತು. ಮೂರು ಸಾವಿರ ದಾಟಿತ್ತು. ಆನ್‌ಲೈನ್ ಮಾರಾಟದಿಂದ ಆ ತಿಂಗಳು ಬಂದ ಲಾಭವೇ ಅಷ್ಟಿರಲಿಲ್ಲ. ಚಿಕ್ಕಪ್ಪ ಕೇಳಿದರು: ‘ಶೆಡ್ ಓನರ್ರೇ ವರ್ಷಕ್ಕೆ ನೂರಕ್ಕೆ ಐದು ಅಂತ ಕರಾರಿನಲ್ಲಿ ಬರ್ಸಿದಾರೆ. ಇವ್ರಿಗೆ ಕರಾರು ಗಿರಾರು ಏನೂ ಇಲ್ವೇನೋ?’

ಕರಾರು ಹುಡುಕಿಕೊಂಡು ಹೊರಟೆ. 99 ರೂಪಾಯಿ ಮೊದಲ ವರ್ಷದ ರಿಯಾಯಿತಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಓದದೇ ಇದ್ದದ್ದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಆದರೆ ಮೂರನೇ ವರ್ಷ, ಐದನೇ ವರ್ಷ ಎಷ್ಟಾಗುತ್ತದೆ ಎಂಬುದು ಸಣ್ಣ ಅಕ್ಷರದಲ್ಲೂ ಇರಲಿಲ್ಲ.

ಡೊಮೈನ್ ‘ಕೊಂಡೆವು’ ಎನ್ನುತ್ತೇವೆ. ನಿಜಕ್ಕೂ ಅದು ಬಾಡಿಗೆ. ಡಾಟ್ ಕಾಮ್‌ಗೆ ಬಾಡಿಗೆ ಏರಿಕೆಯ ಮಿತಿ ಇದೆ. ಅದನ್ನು ನಡೆಸುವ ವೆರಿಸೈನ್ ಕಂಪನಿ ಸಗಟು ದರವನ್ನು 2021ರಿಂದ ವರ್ಷಕ್ಕೆ ಶೇ 7ರಂತೆ ಏರಿಸುತ್ತಾ 7.85 ಡಾಲರ್‌ನಿಂದ 2024ಕ್ಕೆ 10.26 ಡಾಲರ್‌ಗೆ ತಂದಿತು. ಅದಕ್ಕಿಂತ ಹೆಚ್ಚಿಸಲು ಒಪ್ಪಂದ ಬಿಡಲಿಲ್ಲ. ಈಚೆಗೆ ಬಂದ ನೂರಾರು ಹೊಸ ವಿಸ್ತರಣೆಗಳಿಗೆ ಇಂಥ ಮಿತಿಯೇ ಇಲ್ಲ. ದರ ಏರಿಸುವ ಆರು ತಿಂಗಳ ಮೊದಲು ನೋಂದಣಿ ಕಂಪನಿಗಳಿಗೆ ತಿಳಿಸಬೇಕು, ಅಷ್ಟೇ. ಸಂಘ ಸಂಸ್ಥೆಗಳು ಹೆಚ್ಚಾಗಿ ಬಳಸುವ ಡಾಟ್ ಆರ್ಗ್‌ಗೆ ಮೊದಲು ವರ್ಷಕ್ಕೆ ಶೇ 10ರ ಮಿತಿ ಇತ್ತು. ಡೊಮೈನ್ ವ್ಯವಸ್ಥೆಯ ಮೇಲುಸ್ತುವಾರಿ ಸಂಸ್ಥೆ ಐಕಾನ್ 2019ರಲ್ಲಿ ಅದನ್ನೂ ತೆಗೆದುಹಾಕಿತು. ಅಭಿಪ್ರಾಯ ಕೇಳಿದಾಗ ಬಂದ ಮೂರು ಸಾವಿರಕ್ಕೂ ಹೆಚ್ಚು ಉತ್ತರಗಳಲ್ಲಿ ಬಹುಪಾಲು ವಿರೋಧವೇ ಇತ್ತು. ಅದೇ ವರ್ಷ ಡಾಟ್ ಆರ್ಗ್ ನಡೆಸುವ ಸಂಸ್ಥೆಯನ್ನು ನೂರು ಕೋಟಿ ಡಾಲರ್‌ಗೂ ಹೆಚ್ಚು ಬೆಲೆಗೆ ಒಂದು ಖಾಸಗಿ ಹೂಡಿಕೆ ಕಂಪನಿಗೆ ಮಾರುವ ಮಾತೂ ನಡೆಯಿತು. ಗಲಾಟೆಯಾದ ಮೇಲೆ 2020ರ ಏಪ್ರಿಲ್‌ನಲ್ಲಿ ಐಕಾನ್ ಒಪ್ಪಿಗೆ ಕೊಡಲಿಲ್ಲ. ಹೋದ ಮಿತಿ ಮಾತ್ರ ವಾಪಸ್ ಬರಲಿಲ್ಲ.

ಪೈಪೋಟಿ ಇದೆಯಲ್ಲ, ದುಬಾರಿಯಾದರೆ ಬೇರೆ ಹೆಸರು ತಗೊಳ್ಳಿ ಎನ್ನುವವರಿದ್ದಾರೆ. ಪೈಪೋಟಿ ಇರುವುದು ಕೊಳ್ಳುವ ಮೊದಲ ದಿನ ಮಾತ್ರ. ಲೇಬಲ್ ಅಚ್ಚಾಗಿ, ಗಿರಾಕಿಗಳ ಬಾಯಲ್ಲಿ ಹೆಸರು ಕೂತ ಮೇಲೆ ನಾವು ಬಿಟ್ಟು ಹೋಗುವ ಹಾಗಿಲ್ಲ. ನೋಂದಣಿ ಕಂಪನಿ ಬದಲಿಸಿದರೂ ವಿಸ್ತರಣೆ ಅದೇ, ಸಗಟು ದರವೂ ಅದೇ. ವ್ಯಾಪಾರ ಬೆಳೆದಷ್ಟೂ ಬಿಡಲಾಗದ ಕಟ್ಟು ಬಿಗಿಯಾಗುತ್ತದೆ. ದೊಡ್ಡ ಕಂಪನಿಗೆ ಇದು ಲೆಕ್ಕಕ್ಕೇ ಬಾರದ ಖರ್ಚು. ಹೊಡೆತ ಬೀಳುವುದು ಈಗಷ್ಟೇ ಏನೋ ಶುರು ಮಾಡಿದ ನಮ್ಮಂಥವರಿಗೆ. ‘ಇನ್‌ಸ್ಟಾಗ್ರಾಂ ಪೇಜ್ ಸಾಕಲ್ವಾ’ ಎಂದು ಗೆಳೆಯರು ಕೇಳುತ್ತಾರೆ. ಅದೂ ಇನ್ನೊಬ್ಬರ ಶೆಡ್ಡೇ.

ನಾವು ಮಾರುವ ಎಣ್ಣೆ ಬಾಟಲಿ ಮೇಲೆ ಎಂಆರ್‌ಪಿ ಇಲ್ಲದಿದ್ದರೆ ದಂಡ ಬೀಳುತ್ತದೆ. ಹಾಗಿರುವಾಗ ಡೊಮೈನ್ ಮಾರುವವರು ಮೊದಲ ವರ್ಷದ ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ನವೀಕರಣ ದರ ಹಾಕಲಿ ಎಂದು ಕೇಳುವುದು ಅತಿಯಾಸೆಯೇ? ಏರಿಕೆಗೂ ಶೇಕಡಾವಾರು ಮಿತಿ ಬೇಕು. ಡಾಟ್ ಇನ್ ಮತ್ತು ಕನ್ನಡ ಲಿಪಿಯ ಡಾಟ್ ಭಾರತ ನಮ್ಮ ದೇಶದ್ದೇ ಆದ ನಿಕ್ಸಿ ಎಂಬ ಲಾಭರಹಿತ ಸಂಸ್ಥೆಯ ಕೈಯಲ್ಲಿವೆ. ಅಲ್ಲಾದರೂ ಸರ್ಕಾರ ಈ ಮಾತನ್ನು ಲಿಖಿತವಾಗಿ ಕೊಡಿಸಬಹುದು.

ಅಂಗಡಿ ತೆರೆಯಲು ಹೊರಟ ಗೆಳೆಯರೇ, ಡೊಮೈನ್ ವೆಬ್‌ಸೈಟ್ ಮಾಡಿಕೊಡುವವರ ಹೆಸರಿನಲ್ಲಲ್ಲ, ನಿಮ್ಮ ಹೆಸರಿನಲ್ಲೇ ಇರಲಿ. ಇಂದಿನ ದರದಲ್ಲಿ ಹತ್ತು ವರ್ಷದವರೆಗೆ ಮುಂಗಡ ಕಟ್ಟುವ ಅವಕಾಶವಿದೆ, ದುಡ್ಡಿದ್ದರೆ. ಗಡುವು ಮೀರಿದರೆ ಹೆಸರು ಬಿಡಿಸಿಕೊಳ್ಳಲು ಬೇರೆ ದಂಡ ಬೀಳುತ್ತದೆ.

ನಾವು ಈ ವರ್ಷದ ಬಿಲ್ ಕಟ್ಟಿದೆವು. ಜೊತೆಗೆ ಒಂದು ಡಾಟ್ ಇನ್ ಹೆಸರನ್ನು ಐದು ವರ್ಷಕ್ಕೆ ತಗೊಂಡು, ಹೊಸ ಲೇಬಲ್ ಅಚ್ಚಿಗೆ ಕೊಟ್ಟಿದ್ದೇವೆ. ಹಳೆಯ ಲೇಬಲ್ ಇನ್ನೂ ಎರಡು ಬಂಡಲ್ ಉಳಿದಿದೆ. ಅದು ಮುಗಿಯುವವರೆಗೆ ಎರಡು ಬಾಡಿಗೆ.