ಚಿತ್ರದಲ್ಲಿ ಕಾಣದ ಮೋಟಾರು

‘ದೇಶ ಸುತ್ತು, ಕೋಶ ಓದು’ ಎಂಬುದು ನಮ್ಮ ಹಿರಿಯರ ಮಾತು. ಆದರೆ ಮನುಷ್ಯನನ್ನು ಮನೆಯಿಂದ ಹೊರಡಿಸುವುದು ಜ್ಞಾನದ ಹಂಬಲ ಮಾತ್ರವಲ್ಲ. ಒಂದು ಸೊಗಸಾದ ಚಿತ್ರವೂ ಅವನನ್ನು ಹೊರಡಿಸಬಲ್ಲದು. ಮೋಟಾರು ಪ್ರವಾಸದ ಹಳೆಯ ಜಾಹೀರಾತು ಭಿತ್ತಿಪತ್ರಗಳು ಈ ಕೆಲಸವನ್ನು ಬಹು ಸಮರ್ಥವಾಗಿ ಮಾಡಿದವು. ಅವುಗಳನ್ನು ನಾವು ಮೆಚ್ಚಬೇಕು. ಆದರೆ ಅವು ಏನನ್ನು ಮರೆಮಾಡಿದವು ಎಂಬುದನ್ನು ತಿಳಿದು ಮೆಚ್ಚಬೇಕು.

ಪ್ರಯಾಣ ಹೆಚ್ಚಿದಷ್ಟೂ ಟೈರು ಸವೆಯುತ್ತದೆ, ಪೆಟ್ರೋಲು ಖರ್ಚಾಗುತ್ತದೆ. ಈ ಸರಳವಾದ ಲೆಕ್ಕವನ್ನು ವ್ಯಾಪಾರಿಗಳು ಬೇಗನೆ ಅರಿತರು. ಫ್ರಾನ್ಸಿನ ಟೈರು ತಯಾರಕರಾದ ಮಿಶೆಲಿನ್ ಸೋದರರು 1900ರಲ್ಲಿ ಮೋಟಾರು ಪ್ರವಾಸಿಗರಿಗಾಗಿ ಕೈಪಿಡಿಯೊಂದನ್ನು ಅಚ್ಚು ಹಾಕಿಸಿ ಉಚಿತವಾಗಿ ಹಂಚಿದರು. ಬ್ರಿಟನ್ನಿನಲ್ಲಿ ಷೆಲ್ ಎಂಬ ಪೆಟ್ರೋಲು ಕಂಪನಿಯು ಭಿತ್ತಿಪತ್ರಗಳ ದಾರಿಯನ್ನು ಹಿಡಿಯಿತು.

1930ರ ದಶಕದಲ್ಲಿ ಆ ಕಂಪನಿಯ ಪ್ರಚಾರದ ಹೊಣೆ ಹೊತ್ತಿದ್ದವರು ಜ್ಯಾಕ್ ಬೆಡಿಂಗ್ಟನ್. ಅವರು ಸಾಮಾನ್ಯ ಜಾಹೀರಾತುಗಾರರನ್ನು ನಂಬಿ ಕೂರದೆ ಆ ಕಾಲದ ಹೊಸ ಕಲಾವಿದರಿಗೆ ಕೆಲಸ ಕೊಟ್ಟರು. 1931ರಲ್ಲಿ ವನೆಸ್ಸಾ ಬೆಲ್ ಆಲ್‌ಫ್ರಿಸ್ಟನ್ ಎಂಬ ಹಳ್ಳಿಯನ್ನು ಚಿತ್ರಿಸಿದರು. 1932ರಲ್ಲಿ ಪಾಲ್ ನ್ಯಾಶ್ ರೈ ಊರಿನ ಜೌಗುನೆಲವನ್ನೂ, ಗ್ರಹಾಂ ಸದರ್‌ಲ್ಯಾಂಡ್ ಸ್ವಾನೇಜಿನ ಕಡಲತೀರದಲ್ಲಿರುವ ಬೃಹತ್ತಾದ ಕಲ್ಲಿನ ಗೋಳವನ್ನೂ ಚಿತ್ರಿಸಿದರು. ಮೊದಲು ಸ್ವದೇಶವನ್ನು ನೋಡಿ, ಷೆಲ್ ಪೆಟ್ರೋಲಿನಿಂದ ನೋಡಿ ಎಂಬ ಅರ್ಥದ ಒಕ್ಕಣೆ ಇಂತಹ ಚಿತ್ರಗಳ ಜೊತೆಗಿರುತ್ತಿತ್ತು. ಈ ಭಿತ್ತಿಪತ್ರಗಳನ್ನು ಪೆಟ್ರೋಲು ಸಾಗಿಸುವ ಲಾರಿಗಳ ಪಕ್ಕಗಳಿಗೆ ಅಂಟಿಸುತ್ತಿದ್ದರು. ಹೀಗೆ ಚಿತ್ರಶಾಲೆಯನ್ನು ಎಂದೂ ಹೊಕ್ಕದವನ ಬೀದಿಗೇ ಚಿತ್ರಕಲೆ ನಡೆದು ಬಂದಿತು.

ಹಣಕ್ಕಾಗಿ ಬರೆದ ಚಿತ್ರ ಕಲೆಯಾದೀತೆ ಎಂದು ಕೆಲವರು ಕೇಳುತ್ತಾರೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲ. ರಾಜಾಶ್ರಯದಲ್ಲಿ ದುಡಿದ ಹಳೇಬೀಡಿನ ಶಿಲ್ಪಿಗಳ ಕೆತ್ತನೆಯನ್ನು ನಾವು ಕಲೆಯಲ್ಲವೆನ್ನುತ್ತೇವೆಯೆ? ದೋಷವಿರುವುದು ಕಲಾವಿದ ಕೂಲಿ ಪಡೆದುದರಲ್ಲಿ ಅಲ್ಲ, ಚಿತ್ರ ಅರ್ಧ ಸತ್ಯವನ್ನು ಹೇಳಿದುದರಲ್ಲಿ.

ಈ ಭಿತ್ತಿಪತ್ರಗಳಲ್ಲಿ ಹಳ್ಳಿಗಳಿವೆ, ಬೆಟ್ಟಗಳಿವೆ, ಹಳೆಯ ಕಟ್ಟಡಗಳಿವೆ. ಆದರೆ ಮೋಟಾರು ಕಾಣುವುದೇ ಅಪರೂಪ! ಹೊಗೆಯಿಲ್ಲ, ಧೂಳಿಲ್ಲ, ಜನಜಂಗುಳಿಯಿಲ್ಲ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? ನಿಜವಾದ ರಸ್ತೆಗಳ ಸ್ಥಿತಿ ಬೇರೆಯೇ ಆಗಿತ್ತು. 1919ರಲ್ಲಿ ಬ್ರಿಟನ್ನಿನಲ್ಲಿದ್ದ ಖಾಸಗಿ ಕಾರುಗಳು ಸುಮಾರು 1 ಲಕ್ಷ. 1939ರ ಹೊತ್ತಿಗೆ ಅವು ಸುಮಾರು 20 ಲಕ್ಷವಾದವು. 1934ನೆಯ ಒಂದೇ ವರ್ಷದಲ್ಲಿ ಅಲ್ಲಿಯ ರಸ್ತೆ ಅಪಘಾತಗಳಲ್ಲಿ 7,343 ಮಂದಿ ಸತ್ತರು. ಹೆದ್ದಾರಿಗಳ ಇಕ್ಕೆಲಗಳಲ್ಲಿ ಮನೆಗಳು ಸಾಲುಗಟ್ಟಿ ಹಬ್ಬಿ ಹಳ್ಳಿಗಾಡಿನ ಚೆಲುವನ್ನು ನುಂಗತೊಡಗಿದಾಗ, ಅದನ್ನು ತಡೆಯಲು 1935ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು.

ಕಂಪನಿಗೆ ನಾಡಿನ ಚೆಲುವಿನ ಬಗೆಗೆ ಕಾಳಜಿಯೇ ಇರಲಿಲ್ಲವೆಂದರೆ ಅನ್ಯಾಯವಾದೀತು. ರಸ್ತೆಬದಿಯ ಜಾಹೀರಾತು ಫಲಕಗಳು ನೋಟವನ್ನು ಕೆಡಿಸುತ್ತವೆಂಬ ದೂರು ಎದ್ದಾಗ, 1920ರ ದಶಕದಲ್ಲಿ ಅದು ತನ್ನ ಫಲಕಗಳನ್ನು ತೆಗೆಸಿತು. ಜಾಹೀರಾತು ಲಾರಿಯ ಪಕ್ಕಕ್ಕೆ ಬಂದ ಹಿನ್ನೆಲೆ ಇದೇ. ಆದರೆ ಫಲಕವನ್ನು ತೆಗೆದ ಕೈಯೇ ಮೋಟಾರುಗಳನ್ನು ಆ ಹಳ್ಳಿಗಳಿಗೆ ಕರೆಯಿತು. ನೋಡುಗರ ನೂಕುನುಗ್ಗಲಿನಲ್ಲಿ ನೋಡತಕ್ಕ ವಸ್ತುವೇ ನಲುಗಿದರೆ ಪ್ರವಾಸದಿಂದ ಏನು ಪ್ರಯೋಜನ?

ಹಾಗೆಂದು ಪ್ರವಾಸವನ್ನೇ ಬಿಡಬೇಕೆಂದಲ್ಲ. ತನ್ನ ನಾಡಿನ ಮೂಲೆಮೂಲೆಯೂ ನೋಡಲು ಯೋಗ್ಯವೆಂಬ ಅಭಿಮಾನವನ್ನು ಈ ಚಿತ್ರಗಳು ಸಾಮಾನ್ಯ ಜನರಲ್ಲಿ ಬೆಳೆಸಿದವು. ಅದು ಸಣ್ಣ ಉಪಕಾರವಲ್ಲ. ಇಂದು ಅದೇ ಆಮಂತ್ರಣ ಗೋಡೆಯನ್ನು ಬಿಟ್ಟು ಅಂಗೈಯ ಪರದೆಗೆ ಬಂದಿದೆ. ಅದರ ಸ್ವಭಾವ ಮಾತ್ರ ಬದಲಾಗಿಲ್ಲ. ಆದುದರಿಂದ ಯಾವ ಚಿತ್ರ ನಿಮ್ಮನ್ನು ಕರೆದರೂ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದನ್ನು ಬರೆಸಿದವರು ಯಾರು? ಇದರಲ್ಲಿ ಕಾಣದಿರುವುದು ಯಾವುದು? ಉತ್ತರವನ್ನು ಅರಿತು ಹೊರಟವನು ತಾನು ಹೋದ ಊರಿಗೆ ಹೊರೆಯಾಗದೆ ಅತಿಥಿಯಾಗುತ್ತಾನೆ.